ವಿನ್ನಿಪೆಗ್ ಚಳಿಗೆ ಇಲ್ಲಿನ ಸ್ವೆಟರ್ ಸಾಕಾ?

ಪ್ರಶ್ನೆ: ಮಗ ಜನವರಿಯಲ್ಲಿ ಓದಲು ಕೆನಡಾದ ವಿನ್ನಿಪೆಗ್‌ಗೆ ಹೊರಟಿದ್ದಾನೆ. ಅಲ್ಲಿ ಮೈನಸ್ 30 ಡಿಗ್ರಿ ಚಳಿಯಂತೆ. ಮಂಗಳೂರಿಗೆ ಹೋಗಿ ಹಂಪನಕಟ್ಟೆಯಲ್ಲಿ ನಾಲ್ಕು ದಪ್ಪ ಸ್ವೆಟರ್, ಒಂದು ಜಾಕೆಟ್ ತಂದಿದ್ದೇವೆ. ಸಾಕಾಗಬಹುದಾ? ಬೇರೇನು ಕಳಿಸಲಿ?
– ಒಬ್ಬ ತಾಯಿ, ಕಾಪು

ಉತ್ತರ: ಅಕ್ಕಾ, ನಾನು ಆ ಊರಲ್ಲಿ ಆರು ಚಳಿಗಾಲ ಕಳೆದು ಉಡುಪಿಗೆ ವಾಪಸ್ ಬಂದವಳು. ಇನ್ನು ಸ್ವೆಟರ್ ಕೊಳ್ಳಬೇಡಿ. ಏರ್‌ಪೋರ್ಟಿನಿಂದ ರೂಮಿಗೆ ಹೋಗುವಷ್ಟಕ್ಕೆ ಈಗ ತಂದದ್ದು ಸಾಕು. ಕೋಟು, ಬೂಟು ಅಲ್ಲಿಗೆ ತಲುಪಿದ ವಾರವೇ ಅಲ್ಲೇ ಕೊಂಡುಕೊಳ್ಳಲಿ, ಅದಕ್ಕೆ ಹಣ ಕೊಟ್ಟು ಕಳಿಸಿ. ಒಬ್ಬರು ಹಾಕಿ ಬಿಟ್ಟ ಒಳ್ಳೆಯ ಕೋಟುಗಳು ಕಡಿಮೆ ಬೆಲೆಗೆ ಸಿಗುವ ಅಂಗಡಿಗಳೂ ಅಲ್ಲಿ ಉಂಟು. ಒಂದೇ ದಪ್ಪ ಬಟ್ಟೆಗಿಂತ ಪದರ ಪದರವಾಗಿ ಹಾಕಿದರೆ ಜಾಸ್ತಿ ಬೆಚ್ಚಗಿರುತ್ತದೆ. ಮೈಗೆ ಅಂಟಿ ಥರ್ಮಲ್ ಅನ್ನುವ ಬೆಚ್ಚಗಿನ ಒಳಉಡುಪು, ಮೇಲೆ ಉಣ್ಣೆ, ಅದರ ಮೇಲೆ ಗಾಳಿ ತಡೆಯುವ ಕೋಟು. ಒಳಗೆ ಹತ್ತಿ ಬನಿಯನ್ ಬೇಡ. ಅದು ಬೆವರು ಹೀರಿ ಮೈಯನ್ನೇ ತಣ್ಣಗೆ ಮಾಡುತ್ತದೆ.

ಗ್ಲೌಸ್ ಮಾತ್ರ ಸದರ ಮಾಡಬಾರದು. ಮೊದಲ ವರ್ಷ ಬಸ್‌ಸ್ಟಾಪಿನಲ್ಲಿ ಫೋನ್ ನೋಡಲೆಂದು ಗ್ಲೌಸ್ ತೆಗೆದು ನಿಂತೆ. ಸ್ವಲ್ಪ ಹೊತ್ತಿಗೆ ಬೆರಳ ತುದಿ ಬೆಳ್ಳಗಾಯಿತು, ಮುಟ್ಟಿದರೆ ಗೊತ್ತೇ ಆಗಲಿಲ್ಲ. ಗಾಬರಿಯಲ್ಲಿ ಉಜ್ಜಲು ಹೊರಟವಳನ್ನು ಪಕ್ಕದ ಮನೆಯಾಕೆ ತಡೆದು, ಉಗುರು ಬೆಚ್ಚಗಿನ ನೀರಲ್ಲಿ ಕೈ ಅದ್ದಿಸಿದಳು. ಉಜ್ಜಿದರೆ ಚರ್ಮಕ್ಕೆ ಇನ್ನೂ ಪೆಟ್ಟು. ಇದನ್ನು ಮಗನಿಗೆ ಖಂಡಿತ ಹೇಳಿ. ಜೋಮು ಬಿಡದಿದ್ದರೆ ಡಾಕ್ಟರ ಹತ್ತಿರ ಹೋಗಲೇಬೇಕು.

ಮನೆಯೊಳಗೆ ಚಳಿಯ ಚಿಂತೆ ಇಲ್ಲ. ಹೀಟರ್ ಇರುವುದರಿಂದ ನಮ್ಮ ಡಿಸೆಂಬರ್ ಬೆಳಗಿನಷ್ಟು ಹಿತವಾಗಿರುತ್ತದೆ. ಆದರೆ ಗಾಳಿ ಒಣ ಒಣ. ಕಡಲಿನ ಪಸೆಗಾಳಿಯಲ್ಲಿ ಬೆಳೆದ ನಮಗೆ ಇದೇ ದೊಡ್ಡ ಕಷ್ಟ. ತುಟಿ ಒಡೆಯುತ್ತದೆ, ಮೂಗಲ್ಲಿ ರಕ್ತ ಬರುವುದೂ ಉಂಟು. ಬಾಗಿಲ ಹಿಡಿ ಮುಟ್ಟಿದರೆ ಚುರ್ ಎಂದು ಶಾಕ್ ಹೊಡೆಯುತ್ತದೆ. ಸ್ನಾನ ಮುಗಿದ ಕೂಡಲೇ, ಮೈ ಪಸೆ ಇರುವಾಗಲೇ ತೆಂಗಿನೆಣ್ಣೆ ಹಚ್ಚಿಕೊಳ್ಳಲಿ. ಎಣ್ಣೆ ಗಟ್ಟಿಯಾಗಿರುತ್ತದೆ, ಅಗಲ ಬಾಯಿಯ ಡಬ್ಬಿಯಲ್ಲಿ ಕಳಿಸಿ. ದೋಸೆ ಹಿಟ್ಟು ಹುಳಿ ಬರಲು ಓವನ್ ಹಚ್ಚದೆ, ಅದರೊಳಗಿನ ಲೈಟ್ ಮಾತ್ರ ಹಾಕಿ ರಾತ್ರಿಯಿಡೀ ಇಟ್ಟರಾಯಿತು.

ನನ್ನನ್ನು ನಿಜವಾಗಿ ಕುಗ್ಗಿಸಿದ್ದು ಕತ್ತಲೆ. ಡಿಸೆಂಬರಿನಲ್ಲಿ ಸಂಜೆ 4.30ಕ್ಕೆಲ್ಲ ಸೂರ್ಯ ಮುಳುಗುತ್ತಾನೆ. ಒಂದು ವಾರ ರೂಮಿನಲ್ಲೇ ಕೂತೆ, ಯಾರ ಹತ್ತಿರವೂ ಮಾತು ಬೇಡವೆನಿಸಿತ್ತು. ಆಮೇಲೆ ದಿನಾ ಮಧ್ಯಾಹ್ನ ಅರ್ಧ ಗಂಟೆ ಹೊರಗೆ ಹೋಗತೊಡಗಿದೆ. ಕಟು ಚಳಿಯ ದಿನ ಆಕಾಶ ಹೆಚ್ಚಾಗಿ ಶುಭ್ರ. ಹಿಮದ ಮೇಲೆ ಬಿದ್ದ ಬಿಸಿಲು ಕಣ್ಣು ಕುಕ್ಕುತ್ತದೆ. ರೆಡ್ ಮತ್ತು ಅಸಿನಿಬೋಯಿನ್ ನದಿಗಳು ಸೇರುವಲ್ಲಿ ಫೋರ್ಕ್ಸ್ ಅನ್ನುವ ಜಾಗ ಉಂಟು. ನೀರು ಹೆಪ್ಪುಗಟ್ಟಿ ಗಟ್ಟಿಯಾದ ಮೇಲೆ ಅಲ್ಲಿ ನದಿಯ ಮೇಲೇ ದಾರಿ ಮಾಡುತ್ತಾರೆ. ಸೀತಾನದಿಯನ್ನು ದೋಣಿಯಲ್ಲಿ ದಾಟಿ ಬೆಳೆದವಳು ನಾನು. ಹೊಳೆಯ ಮೇಲೆ ನಡೆದ ಆ ದಿನ ಅಮ್ಮನಿಗೆ ಫೋನ್ ಮಾಡಿ ಅತ್ತುಬಿಟ್ಟೆ, ಖುಷಿಗೆ. ದಾರಿ ತೆರೆದ ಕಡೆ ಮಾತ್ರ ಇಳಿಯಲಿ.

ನೀವು ರಾತ್ರಿ 9ಕ್ಕೆ ಫೋನ್ ಮಾಡಿದರೆ ಅಲ್ಲಿ ಬೆಳಿಗ್ಗೆ 9.30. ಊಟ ಆಯ್ತಾ ಅಂತ ಕೇಳುವಾಗ, ನಿನ್ನೆ ಬಿಸಿಲಿಗೆ ಹೋಗಿದ್ಯಾ ಅಂತಲೂ ಕೇಳಿ.