ಡ್ಯಾನ್ಯೂಬ್ ಸೈಕಲ್ ದಾರಿ: ಮ್ಯಾಪ್ ಗುಡ್ಡ ಹತ್ತಿಸುತ್ತಿದ್ದರೆ

ಜರ್ಮನಿಯ ಪಾಸೌದಿಂದ ಆಸ್ಟ್ರಿಯಾದ ವಿಯೆನ್ನಾ ಕಡೆ ಡ್ಯಾನ್ಯೂಬ್ ನದಿಯ ಎಡದಡದಲ್ಲಿ (ನದಿ ಹರಿಯುವ ದಿಕ್ಕಿಗೆ ಎಡಕ್ಕೆ) ಸೈಕಲ್‌ನಲ್ಲಿ ಹೊರಟಾಗ ಮ್ಯಾಪ್ ಆ್ಯಪ್ ನದಿ ಬಿಟ್ಟು ಗುಡ್ಡದ ರಸ್ತೆಗೆ ಕಳಿಸುತ್ತಿದ್ದರೆ, ಬಹುಶಃ ಅದರಲ್ಲಿ ಫೆರಿ, ಅಂದರೆ ನದಿ ದಾಟಿಸುವ ದೋಣಿ, ಆಫ್ ಆಗಿದೆ. ಷ್ಲೋಗೆನ್ ಬಳಿ ನದಿ ಪೂರ್ತಿ ಹಿಂದಕ್ಕೆ ತಿರುಗುತ್ತದೆ, ಎಡದಡದ ದಾರಿ ಆವ್ ಎಂಬ ಪುಟ್ಟ ಊರಲ್ಲಿ ನಿಂತುಹೋಗುತ್ತದೆ.

ಮೊದಲು ಸೆಟ್ಟಿಂಗ್‌ನಲ್ಲಿ ‘ಫೆರಿ ಬೇಡ’ ಎಂಬುದನ್ನು ತೆಗೆಯಿರಿ, ಸೈಕಲ್ ಮೋಡ್ ಇದೆಯಾ ನೋಡಿ. ಆವ್‌ನಲ್ಲಿ ಸೈಕಲ್ ಸಮೇತ ದೋಣಿ ಹತ್ತಿ ಬಲದಡದ ಷ್ಲೋಗೆನ್‌ಗೆ ದಾಟಿ, ಆಮೇಲೆ ಬಲದಡದಲ್ಲೇ ಆಷಾಹ್‌ವರೆಗೆ ಹೋಗಿ. ಚಳಿಗಾಲದಲ್ಲಿ ದೋಣಿ ಇರುವುದಿಲ್ಲ. ಬೇರೆ ತಿಂಗಳಲ್ಲೂ ವೇಳೆ ಬದಲಾಗುತ್ತದೆ, ಹಿಂದಿನ ದಿನವೇ ನೋಡಿಕೊಳ್ಳಿ. ಶುರುವಿನಿಂದಲೇ ಬಲದಡ ಹಿಡಿದರೆ ದೋಣಿಯ ಗೊಡವೆ ಇಲ್ಲ, ಆದರೆ ಪಕ್ಕದಲ್ಲೇ ಹೆದ್ದಾರಿಯ ಸದ್ದು.

ಮೆಲ್ಕ್ ದಾಟಿದ ಮೇಲೆ ವಖಾವ್ ಕಣಿವೆಯಲ್ಲೂ ಬಲದಡವೇ ನೆಮ್ಮದಿ. ಡ್ಯೂರ್ನ್‌ಸ್ಟೈನ್ ಎಡದಡದಲ್ಲಿದೆ, ಚಂದದ ಊರು, ಜನ ಮಾತ್ರ ಜಾಸ್ತಿ. ನೋಡಲೇಬೇಕೆಂದರೆ ಬಲದಡದ ಆರ್ನ್ಸ್‌ಡಾರ್ಫ್‌ನಿಂದ ಎಡದಡದ ಸ್ಪಿಟ್ಸ್‌ಗೆ ದೋಣಿಯಲ್ಲಿ ದಾಟಿಕೊಂಡು ಮುಂದೆ ಹೋಗಿ.