ಖಾಲಿ ವರದಿಗೆ ಸಹಿ ಹಾಕಬಹುದೇ?

ಪ್ರಶ್ನೆ: ಉಡುಪಿ ಸಮೀಪ ಕಟ್ಟಿಸಿದ ನಮ್ಮ ಮನೆಯ ವೈರಿಂಗ್ ಮುಗಿದಿದೆ. ಗುತ್ತಿಗೆದಾರರು ಪರೀಕ್ಷೆಯ ಅಂಕಿಗಳನ್ನೇ ತುಂಬದ ವರದಿಗೆ ನನ್ನ ಸಹಿ ಕೇಳುತ್ತಿದ್ದಾರೆ. ಸರಕಾರಿ ವಿದ್ಯುತ್ ಪರಿವೀಕ್ಷಕರು ಬಂದು ನೋಡಬೇಕಲ್ಲವೇ?

ಉತ್ತರ: ಸಹಿ ಹಾಕಬೇಡಿ. 2003ರ ವಿದ್ಯುತ್ ಕಾಯ್ದೆಯ 162ನೇ ಕಲಮಿನಂತೆ ರಾಜ್ಯ ಸರಕಾರ ನೇಮಿಸುವ ಪರಿವೀಕ್ಷಕರ ಮುಖ್ಯ ಹೊಣೆ ಹೈಟೆನ್ಶನ್ ಸ್ಥಾವರ, ಟ್ರಾನ್ಸ್‌ಫಾರ್ಮರ್, ಬಹುಮಹಡಿ ಕಟ್ಟಡ ಮುಂತಾದವು. ಸಾಮಾನ್ಯ ಮನೆಗೆ ಪರವಾನಗಿ ಪಡೆದ ಗುತ್ತಿಗೆದಾರರ ಪರೀಕ್ಷಾ ವರದಿಯೇ ಆಧಾರ, ಅದನ್ನು ನೋಡಿಯೇ ವಿದ್ಯುತ್ ಸರಬರಾಜು ಕಂಪನಿ ಮೆಸ್ಕಾಂ ಸಂಪರ್ಕ ಕೊಡುತ್ತದೆ. ಆದ್ದರಿಂದಲೇ ಆ ಖಾಲಿ ಅಂಕಣಗಳು ಸಣ್ಣ ವಿಷಯವಲ್ಲ.

ನಿಮ್ಮೆದುರೇ ಮೆಗ್ಗರ್ (ತಂತಿಯ ಹೊದಿಕೆಯ ನಿರೋಧ ಅಳೆಯುವ ಮಾಪಕ) ಹಿಡಿಯಲು ಹೇಳಿ. ಬಲ್ಬು, ಫ್ಯಾನುಗಳನ್ನು ಬಿಡಿಸಿ, ತಂತಿ ಮತ್ತು ಭೂಮಿಯ ನಡುವೆ 500 ವೋಲ್ಟ್ ಡಿಸಿಯನ್ನು ಒಂದು ನಿಮಿಷ ಕೊಟ್ಟಾಗ ನಿರೋಧವು 1 ಮೆಗಾಓಮ್‌ಗಿಂತ ಕಡಿಮೆ ತೋರಬಾರದು. ಮಳೆಗಾಲದಲ್ಲಿ ಹಸಿ ಗೋಡೆಯ ಪೈಪಿನೊಳಗೆ ನೀರಿಳಿದಿದ್ದರೆ ಮುಳ್ಳು ಕೆಳಗೇ ನಿಲ್ಲುತ್ತದೆ.

ಅರ್ತಿಂಗ್‌ನದು, ಅಂದರೆ ನೆಲಕ್ಕೆ ಕೊಡುವ ಸಂಪರ್ಕದ್ದು, ಇದಕ್ಕೆ ತದ್ವಿರುದ್ಧ: ಅಲ್ಲಿ ನಿರೋಧ ಕಡಿಮೆಯಿರಬೇಕು. ನಮ್ಮ ಮುರಕಲ್ಲಿನ ನೆಲ ಜುಲೈಯಲ್ಲಿ ಒದ್ದೆಯಿರುವಾಗ ಒಳ್ಳೆಯ ಅಂಕಿಯನ್ನೇ ಕೊಡುತ್ತದೆ, ಆದರೆ ಏಪ್ರಿಲ್‌ನಲ್ಲಿ ಒಣಗಿದ ಮೇಲೆ ಅದೇ ಅರ್ತ್ ಗುಂಡಿಯ ನಿರೋಧ ಏರುವುದರಿಂದ, ಬೇಸಿಗೆಯಲ್ಲಿ ಇನ್ನೊಮ್ಮೆ ಅಳೆಸುವುದು ಅಗತ್ಯ.

ಅನೇಕರು ಆರ್‌ಸಿಸಿಬಿಯ (ವಿದ್ಯುತ್ ಸೋರಿದರೆ ತಾನಾಗಿ ಪೂರೈಕೆ ಕಡಿಯುವ ಸ್ವಿಚ್ಚಿನ) ಪರೀಕ್ಷಾ ಗುಂಡಿ ಒತ್ತಿ, ಸ್ವಿಚ್ಚು ಕೆಳಗೆ ಬಿದ್ದ ಕೂಡಲೇ ನಿಶ್ಚಿಂತರಾಗುತ್ತಾರೆ. ಆ ಗುಂಡಿ ಸಾಧನವನ್ನಷ್ಟೇ ಪರೀಕ್ಷಿಸುತ್ತದೆ. ಅರ್ತ್ ತಂತಿ ಕಡಿದಿದ್ದರೂ ಅದು ಬೀಳುತ್ತದೆ. ಮನೆಗೆ 30 ಮಿಲಿಆಂಪಿಯರಿನದ್ದೇ ಇರಲಿ. ಅಂಕಿಗಳು, ದಿನಾಂಕ, ಪರವಾನಗಿ ಸಂಖ್ಯೆ ತುಂಬಿದ ವರದಿಯ ಒಂದು ಪ್ರತಿಯನ್ನು ನೀವೂ ಇಟ್ಟುಕೊಳ್ಳಿ.