ಉಮೆದಾದ ಗದ್ದಲದಲ್ಲಿ ಒಬ್ಬರೇ ಅಂದಿರಲ್ಲ

ಜಪಾನಿನ ಒಸಾಕಾಕ್ಕೆ ಕೆಲಸಕ್ಕೆ ಬಂದು ಹತ್ತು ದಿನ ಆಯ್ತು, ಉಮೆದಾದಲ್ಲಿ ದಾರಿ ತಪ್ಪಿದೆ, ಇಷ್ಟೊಂದು ಜನ ಇದ್ದರೂ ಒಬ್ಬರೂ ಮಾತಾಡಿಸಲ್ಲ, ಊಟವೂ ಸೇರುತ್ತಿಲ್ಲ, ಇಲ್ಲಿ ಬಾಳೋಕಾಗುತ್ತಾ ಎಂದು ಕೇಳಿದ್ದೀರಿ. ನಾನು ಶಿವಮೊಗ್ಗ ಬಿಟ್ಟು ಇಲ್ಲಿಗೆ ಬಂದು ಹನ್ನೊಂದು ವರ್ಷವಾಯಿತು. ಮೊದಲ ವಾರ ನನಗೂ ಹಾಗೇ ಅನಿಸಿತ್ತು.

ಉಮೆದಾದಲ್ಲಿ ದಾರಿ ತಪ್ಪಿದ್ದಕ್ಕೆ ನಾಚಿಕೆ ಬೇಡ. ಹಲವು ಸ್ಟೇಷನ್‌ಗಳು ಒಂದೇ ಕಡೆ ಸೇರಿದ ಜಾಗ ಅದು. ರೈಲಿನವರು ಅದನ್ನು ಒಸಾಕಾ ಸ್ಟೇಷನ್ ಅನ್ನುತ್ತಾರೆ. ಮೆಟ್ರೋದವರಿಗೆ ಉಮೆದಾ, ನಿಶಿ ಉಮೆದಾ, ಹಿಗಾಶಿ ಉಮೆದಾ ಅಂತ ಮೂರು ಬೇರೆ. ಹಾನ್‌ಕ್ಯೂ, ಹಾನ್‌ಶಿನ್ ಕಂಪನಿಗಳ ಸ್ಟೇಷನ್ ಮತ್ತೆ ಬೇರೆ. ಇವೆಲ್ಲದರ ನಡುವೆ ನೆಲದಡಿಯಲ್ಲಿ ಅಂಗಡಿ ಸಾಲು. ಇಲ್ಲೇ ಹುಟ್ಟಿದವರೂ ಒಳಗೆ ಸುತ್ತು ಹೊಡೆಯುತ್ತಾರೆ. ನಾನು ಸುಮ್ನೆ ಮೆಟ್ಟಿಲು ಹತ್ತಿ ಮೇಲೆ ಬಂದುಬಿಡುತ್ತೇನೆ. ಒಂದು ಕಟ್ಟಡದ ತಲೆ ಮೇಲೆ ಕೆಂಪು ಜೈಂಟ್ ವೀಲ್ ಇದೆ, ಅದು ಕಂಡರೆ ದಿಕ್ಕು ಸಿಕ್ಕಿತು ಅಂತಲೇ.

ರೈಲಿನೊಳಗಿನ ಮೌನ ನಿಮ್ಮನ್ನು ದೂರ ಇಡುವ ಮೌನ ಅಲ್ಲ. ಅಲ್ಲಿ ಫೋನಿನಲ್ಲೂ ಮಾತಾಡಬಾರದು, ಅದು ರೂಢಿ. ಮಾತು ಬೇಕಾದರೆ ತೆನ್‌ಜಿನ್‌ಬಾಶಿಸುಜಿಗೆ ಹೋಗಿ. ಸೂರು ಹಾಕಿದ ಪೇಟೆ ಬೀದಿ, 2.6 ಕಿಲೋಮೀಟರ್ ಉದ್ದ. ಅಲ್ಲಿ ಒಂದೇ ತರಕಾರಿ ಅಂಗಡಿಗೆ ನಾಲ್ಕು ವಾರ ಹೋಗಿ ನೋಡಿ. ಐದನೇ ವಾರ 'ಮಾಯಿದೊ', ಅಂಗಡಿಯವರ ನಮಸ್ಕಾರ ಅದು, ಎಂದು ಅವರೇ ಕರೆಯುತ್ತಾರೆ. ನೀವು 'ಓಕಿನಿ' ಅಂದರೆ ಸಾಕು, ಈ ಕಡೆಯ ಥ್ಯಾಂಕ್ಸ್ ಅದು. ಒಸಾಕಾದವರು ಟೋಕಿಯೋದವರಿಗಿಂತ ಮಾತುಗಾರರು, ಜಗಳಗಂಟರೂ ಹೌದು. ಎಸ್ಕಲೇಟರ್‌ನಲ್ಲಿ ಟೋಕಿಯೋದವರು ಎಡಕ್ಕೆ ನಿಂತರೆ ಇವರು ಬಲಕ್ಕೆ! ನನ್ನನ್ನು ಇಲ್ಲಿ ಮೊದಲು ಮಾತಾಡಿಸಿದ್ದು ಬಸ್ ಸ್ಟಾಪಿನಲ್ಲಿದ್ದ ಒಬ್ಬ ಅಜ್ಜಿ. ಏನೂ ಕೇಳದೆ ಬ್ಯಾಗಿನಿಂದ ಪೆಪ್ಪರಮೆಂಟು ತೆಗೆದು ಕೈಗಿಟ್ಟರು. ಇಲ್ಲಿನ ಹೆಂಗಸರಿಗೆ ಆ ಅಭ್ಯಾಸ ಇದೆ, ನಿಮಗೂ ಸಿಗುತ್ತದೆ.

ಭಾಷೆಗೆ ಹೆದರಬೇಡಿ. ಕಾಂಜಿ, ಅಂದರೆ ಚೀನಾದಿಂದ ಬಂದ ಅಕ್ಷರಗಳು, ಕಷ್ಟ, ಸುಳ್ಳು ಹೇಳಲ್ಲ. ಆದರೆ ಅವರ ಅಕ್ಷರಮಾಲೆ ಕೇಳಿ: ಅ ಇ ಉ ಎ ಒ, ಆಮೇಲೆ ಕ ಸ ತ ನ ಹ ಮ ಯ ರ ವ. ಎಲ್ಲೋ ಕೇಳಿದ ಹಾಗಿದೆ ಅಲ್ವಾ? ಸಂಸ್ಕೃತದ ಅಕ್ಷರ ಕಲಿತ ಬೌದ್ಧ ಭಿಕ್ಷುಗಳ ಮೂಲಕ ಬಂದ ಕ್ರಮ ಅದು. ವಾಕ್ಯವೂ ನಮ್ಮ ಹಾಗೇ, ಕ್ರಿಯಾಪದ ಕೊನೆಗೆ. 'ವಾತಾಶಿ ವಾ ಗೊಹಾನ್ ಒ ತಾಬೆಮಾಸು', ನಾನು ಅನ್ನವನ್ನು ತಿನ್ನುತ್ತೇನೆ. ಕೊನೆಗೆ 'ಕಾ' ಸೇರಿಸಿದರೆ ಪ್ರಶ್ನೆ. 'ನೆ' ಅಂದರೆ ನಮ್ಮ ಅಲ್ವಾ. ನನ್ನ ಜೊತೆ ಕಲಿತ ಇಂಗ್ಲಿಷ್‌ನವನು ವಾಕ್ಯ ತಿರುವು ಮುರುವು ಮಾಡುತ್ತಾ ಒದ್ದಾಡುತ್ತಿದ್ದ. ನಾನು ಕನ್ನಡದಲ್ಲಿ ಯೋಚಿಸಿ ಪದ ಬದಲಾಯಿಸಿದರೆ ಅರ್ಧ ಕೆಲಸ ಮುಗಿಯುತ್ತಿತ್ತು.

ಊಟದ್ದು ಮಾತ್ರ ನಿಜವಾದ ತಾಪತ್ರಯ, ನೀವು ಸಸ್ಯಾಹಾರಿ ಬೇರೆ. 'ನಿಕು ನಾಶಿ', ಮಾಂಸ ಇಲ್ಲ, ಎಂದು ಕೇಳಿ ಒಂದು ತಿಂಗಳು ಉದೋನ್, ಸಾರಿನಲ್ಲಿ ಹಾಕಿದ ದಪ್ಪ ಗೋಧಿ ನೂಡಲ್ಸ್, ತಿಂದೆ. ಸಾರು ತಿಳಿಯಾಗಿ ನಮ್ಮ ಕಟ್ಟಿನ ಸಾರಿನ ಹಾಗೆ ಕಾಣುತ್ತಿತ್ತು. ಅದರಲ್ಲಿ ಒಣಮೀನಿನ ರಸ ಇದೆ ಎಂದು ಆಮೇಲೆ ಗೊತ್ತಾಯಿತು. ಅವರ ಲೆಕ್ಕದಲ್ಲಿ ಮೀನು 'ನಿಕು' ಅಲ್ಲ. ಹಾಗಾಗಿ 'ಕಾತ್ಸುಒ ದಾಶಿ', ಆ ಒಣಮೀನಿನ ರಸ, ಇದೆಯಾ ಎಂದು ಹೆಸರು ಹಿಡಿದೇ ಕೇಳಿ. ಬಹುತೇಕ ಕಡೆ ಇದೆ ಅನ್ನುತ್ತಾರೆ. ಕಡೆಗೆ ಮನೆಯಲ್ಲಿ ಬೇಯಿಸಿಕೊಳ್ಳುವುದೇ ದಾರಿ. ಬೇಳೆ, ಸಾಸಿವೆಗೆ ಕೋಬೆಯ ಸನ್ನೊಮಿಯಾ ಕಡೆ ನಮ್ಮವರ ದಿನಸಿ ಅಂಗಡಿಗಳಿವೆ, ರೈಲಿನಲ್ಲಿ ಅರ್ಧ ಗಂಟೆ. ತಲೆಮಾರುಗಳಿಂದ ಭಾರತದ ವ್ಯಾಪಾರಿಗಳು ಇರುವ ಊರು ಅದು, ಜೈನ ಬಸದಿಯೂ ಇದೆ. ಇಲ್ಲಿನ ಅಂಟು ಅಕ್ಕಿ ಚಿತ್ರಾನ್ನಕ್ಕೆ ಆಗಲ್ಲ, ಮೊಸರನ್ನಕ್ಕೆ ಅದರಂಥದ್ದು ಊರಲ್ಲೂ ಸಿಗಲ್ಲ.

ಅಂದ ಹಾಗೆ, ಹತ್ತು ದಿನ ಅಂದಿರಿ. ಮನೆ ಸೇರಿದ 14 ದಿನದೊಳಗೆ ವಾರ್ಡ್ ಕಚೇರಿಗೆ ಹೋಗಿ ವಿಳಾಸ ಬರೆಸಬೇಕು, ಗೊತ್ತಲ್ಲ? ಅವರು ವಿದೇಶಿಯರಿಗೆ ಕೊಡುವ ರೆಸಿಡೆನ್ಸ್ ಕಾರ್ಡಿನ ಹಿಂದೆ ವಿಳಾಸ ಹಾಕಿಕೊಡುತ್ತಾರೆ. ಇನ್ನೂ ಹೋಗಿಲ್ಲದಿದ್ದರೆ ಮೊದಲು ಅದು, ಪೇಟೆ ಬೀದಿ ಆಮೇಲೆ.